ಹೆಪ್ಪಿಲ್ಲದ ಮಟ್ಟಿ

ಇವತ್ತು ಬೆಳಿಗ್ಗೆಯಿಂದ ಮಾಡಿದ ಕೆಲಸ ಇಷ್ಟು. ಅಂಗಳ ಗುಡಿಸಿ ನೀರು ಚಿಮುಕಿಸಿ ಎರಡೆಳೆ ರಂಗೋಲಿ ಹಾಕಿದೆ. ಹಾಲು ಕರೆದು ಡೈರಿಗೆ ಕೊಟ್ಟು, ಮನೆಗೆ ಒಂದು ಚೊಂಬು ಉಳಿಸಿಕೊಂಡೆ. ಮೊಸರು ಕಡೆದು ಬೆಣ್ಣೆ ತೆಗೆದಿಟ್ಟೆ. ಹುರುಳಿಕಾಳು ನೆನೆಹಾಕಿದೆ. ನಲ್ಲಿಯಲ್ಲಿ ನೀರು ಬಂದಿತ್ತು. ತೊಟ್ಟಿ ತುಂಬಿಸಿ, ಅದು ನಿಲ್ಲುವ ಮುಂಚೆ ಎರಡು ಸೀರೆ ಜಾಲಿಸಿ ತಂತಿಯ ಮೇಲೆ ಹರವಿದೆ. ಯಜಮಾನರ ಬಿಳಿ ಅಂಗಿಗೆ ಇಸ್ತ್ರಿ ಹಾಕಿದೆ. ಆ ಅಂಗಿಯ ಕಾಲರಿನಲ್ಲಿ ಕೆಂಪು ಛಾಯೆಯೊಂದಿದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಉಜ್ಜುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಆಮೇಲೆ ಹಿತ್ತಲಿಗೆ ಹೋಗಿ, ಹೊಸದಾಗಿ ತೋಡಿದ ಗುಂಡಿಯ ಪಕ್ಕದಲ್ಲಿದ್ದ ಕೆಮ್ಮಣ್ಣಿನ ರಾಶಿಯನ್ನು ಕೈಯಿಂದ ಒಂದು ಸಲ ಮೇಲೆ ಕೆಳಗೆ ಮಾಡಿ, ಇರುವೆ ಹತ್ತಿಲ್ಲವೆಂದು ನೋಡಿ, ಮತ್ತೆ ಗೋಣಿಚೀಲ ಮುಚ್ಚಿದೆ. ಅಷ್ಟರಲ್ಲಿ ಮೈಕು ಕಟ್ಟಿದ ಆಟೊ ನಮ್ಮ ಬೀದಿಗೆ ಬಂತು. ಸರ್ಕಾರದ ಅನುದಾನದಲ್ಲಿ ನವೀಕರಿಸಿದ ಗರಡಿ ಮನೆಯ ಉದ್ಘಾಟನೆ, ಕ್ರೀಡಾಭಿಮಾನಿಗಳೆಲ್ಲರಿಗೂ ಆದರದ ಸ್ವಾಗತ ಅಂತ ಕೂಗಿಕೊಂಡು ಹೋಯಿತು.

ಆ ಗರಡಿ ಇರುವುದು ನಮ್ಮ ಬೀದಿಯ ಕೊನೆಯಲ್ಲೇ. ಮಧುಗಿರಿಯ ಈ ಭಾಗದಲ್ಲಿ ಮನೆಯಿಂದ ಹೊರಗೆ ಬಂದು ಕತ್ತೆತ್ತಿದರೆ ಬೆಟ್ಟವೇ ಕಾಣುವುದು. ಗರಡಿಯ ಹಿಂಗೋಡೆಗೂ ಬೆಟ್ಟಕ್ಕೂ ನಡುವೆ ಒಂದು ಹುಣಸೆಮರ, ಒಂದಿಷ್ಟು ಬಂಡೆ, ಅಷ್ಟೆ. ನನ್ನ ತವರು ಕೊರಟಗೆರೆ ಕಡೆಯ ತೋವಿನಕೆರೆ. ಮದುವೆಯಾಗಿ ಇಲ್ಲಿಗೆ ಬಂದಾಗ ನಮ್ಮ ಯಜಮಾನರು ಕಡಲೆಕಾಯಿ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಮಿಲ್ಲು ಹೊಟ್ಟೆಗೆ, ಗರಡಿ ಉಳಿದಿದ್ದಕ್ಕೆಲ್ಲ. ಅವರ ತಂದೆ ಗರಡಿಯ ಉಸ್ತುವಾರಿ ನೋಡುತ್ತಿದ್ದರು. ಅವರು ಹೋದ ಮೇಲೆ ಬೀಗದ ಕೈ ನಮ್ಮ ಯಜಮಾನರ ಉಡಿದಾರಕ್ಕೆ ಬಂತು. ಬೇಸಿಗೆ, ಚಳಿ, ಮನೆಯಲ್ಲಿ ಶುಭ ಅಶುಭ ಏನೇ ಇರಲಿ, ಬೆಳಕು ಹರಿಯುವ ಮುಂಚೆ ಅಲ್ಲಿಗೆ ಹೋಗಿ ಗುದ್ದಲಿಯಿಂದ ಅಖಾಡದ ಮಣ್ಣು ಅಗೆದು ಸಡಿಲ ಮಾಡಿಟ್ಟು ಬರಬೇಕು. ಆಮೇಲೆ ಹುಡುಗರು ಸಾಮು ಮಾಡಲು ಬರುತ್ತಾರೆ.

ಆ ಮಣ್ಣಿಗೆ ಗರಡಿಯವರು ಮಟ್ಟಿ ಅನ್ನುತ್ತಾರೆ. ಹೆಂಗಸರು ಗರಡಿಯೊಳಗೆ ಕಾಲಿಡುವ ಹಾಗಿಲ್ಲ, ಹಿಂದಿನಿಂದಲೂ ಹಾಗೇ. ಆದರೆ ಮಟ್ಟಿಯ ಅರ್ಧ ಕೆಲಸ ಆಗುವುದು ಹೆಂಗಸರ ಕೈಯಲ್ಲಿ, ನಮ್ಮ ಹಿತ್ತಲಲ್ಲಿ. ನಾಗರಪಂಚಮಿಗೆ ಮುಂಚೆ ದೊಡ್ಡೇರಿ ಕಡೆಯ ಕೆರೆ ಏರಿಯಿಂದ ಕೆಮ್ಮಣ್ಣು ತರಿಸುತ್ತಿದ್ದರು. ಅದನ್ನು ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ಅರಿಶಿನ, ಬೇವಿನಸೊಪ್ಪಿನ ಪುಡಿ, ನಿಂಬೆರಸ, ಎಳ್ಳೆಣ್ಣೆ, ಹುಳಿಮಜ್ಜಿಗೆ ಎಲ್ಲ ಸೇರಿಸಿ ಕಲಸಿ, ನೆರಳಲ್ಲಿ ಆರಿಸಬೇಕು. ಕಲಿಸಿದವರು ನಮ್ಮತ್ತೆ.

"ಮಕ್ಕಳಿಗೆ ಹಾಸ್ಗೆ ಹಾಸ್ತಿದೀನಿ ಅನ್ಕ ಕಣಮ್ಮ. ಒಂದ್ ಕಲ್ಲಿರ್ಬಾರ್ದು. ಎತ್ತಿ ಒಗ್ದಾಗ ಬೀಳೋದು ನಿನ್ ಗಂಡನೂ ಆಗಿರ್ಬೋದು" ಎನ್ನುತ್ತಿದ್ದರು.

ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಇಣುಕಿ, "ಅಲ್ಲ ಕಣಕ್ಕ, ಸೊಸೆ ಬಂದ್ಮೇಲೆ ಹಿಟ್ಟು ಜರಡಿ ಹಿಡ್ಯೋದ ಕಲಿಸ್ತಾರೆ. ನೀನು ಮಣ್ಣು ಜರಡಿ ಹಿಡ್ಯೋದ ಕಲಿಸ್ತಿದೀಯಲ್ಲ. ನಾಳೆ ಇವ್ಳು ನಿಂಗೆ ಮಣ್ಣಿನ್ ಮುದ್ದೇನೇ ಕಟ್ಟಿಕ್ತಾಳೆ ನೋಡು" ಅಂತ ರೇಗಿಸುತ್ತಿದ್ದಳು.

ಹೀಗೆ ಹದ ಮಾಡಿದ ಹೊಸ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತುಕೊಂಡು ಹೋಗಿ ಅಖಾಡದ ಹಳೇ ಮಟ್ಟಿಗೆ ಬೆರೆಸುತ್ತಿದ್ದರು. ಹಳೆಯದನ್ನು ಎಂದೂ ಚೆಲ್ಲುವುದಿಲ್ಲ. ಗುರುಗಳ ಗುರುಗಳು ಹಾಕಿದ್ದು, ಅವರೆಲ್ಲರ ಮೈಬೆವರು ಕುಡಿದಿದ್ದು, ಅದರ ಮೇಲೇ ವರ್ಷವರ್ಷ ಹೊಸದು ಬೀಳುತ್ತಾ ಬಂದಿದೆ. ಹೊಸ ಮಣ್ಣು ಹಾಲಿನ ಹಾಗೆ, ಹಳೇ ಮಟ್ಟಿ ಹೆಪ್ಪಿನ ಹಾಗೆ ಅಂತ ಅತ್ತೆ ನನಗೆ ತಿಳಿಸಿ ಹೇಳಿದ್ದರು. ಅಡುಗೆಮನೆಯವಳಾದ ನನಗೆ ಅದು ಒಂದೇ ಸಲಕ್ಕೆ ಅರ್ಥವಾಯಿತು. ಬೇರೆ ಊರಿನವರು ಗರಡಿ ಶುರು ಮಾಡುವಾಗ ಹಳೇ ಗರಡಿಯಿಂದ ಒಂದು ಬುಟ್ಟಿ ಮಟ್ಟಿ ಕೇಳಿಕೊಂಡು ಹೋಗುತ್ತಾರೆ. ನಮ್ಮ ಮಾವನವರ ಕಾಲದಲ್ಲಿ ಸಿರಾದವರು ಹೀಗೇ ಬಂದು, ಒಂದು ಬುಟ್ಟಿ ಮಟ್ಟಿಗೆ ಹೊಸ ಬಟ್ಟೆ ಸುತ್ತಿ, ಬಸ್ಸಿನ ಮೇಲೆ ಲಗೇಜಿನ ಜೊತೆ ಇಡಲು ಮನಸ್ಸಾಗದೆ ತೊಡೆಯ ಮೇಲೆ ಇಟ್ಟುಕೊಂಡು ಹೋಗಿದ್ದರಂತೆ.

ಗರಡಿಗೆ ಇದ್ದ ತೊಂದರೆ ಒಂದೇ, ಸೂರು. ನಾಡಹೆಂಚು ಹಳೆಯದಾಗಿ ಸೋರುತ್ತಿತ್ತು. ಮಳೆ ಬಂದರೆ ಯಜಮಾನರು ಊಟ ಬಿಟ್ಟು ಎದ್ದು ಓಡಿ ಮಟ್ಟಿಯ ಮೇಲೆ ಟಾರ್ಪಾಲು ಹೊದಿಸಿ ಬರುತ್ತಿದ್ದರು. ನಾನು ಕೆಮ್ಮುತ್ತಾ ಮಲಗಿದ್ದಾಗ ಇನ್ನೊಂದು ಕಂಬಳಿ ಹೊದಿಸಲು ನೆನಪಾಗದ ಮನುಷ್ಯ! ಹಾಗಂತ ಒಮ್ಮೆ ಅಂದೂ ಇದ್ದೆ. "ನಿಂಗೆ ಬಾಯೈತೆ, ಕೇಳ್ತೀಯ. ಅದ್ಕೆ ಬಾಯೈತಾ?" ಅಂದಿದ್ದರು.

ಸೂರಿಗಾಗಿ ಎಷ್ಟೋ ಸಲ ಅರ್ಜಿ ಕೊಟ್ಟರು. ಕೊನೆಗೂ ಹಳೇ ಗರಡಿಗಳ ಅಭಿವೃದ್ಧಿಗೆ ಅಂತ ಅನುದಾನ ಬಂತು. ನೋಡಲು ಬಂದವರು ಇಲಾಖೆಯ ಒಬ್ಬ ಮೇಡಂ. ಸಣ್ಣ ವಯಸ್ಸು, ಕಾಲಲ್ಲಿ ಓಟಗಾರರ ಬೂಟು. ಅವರೇ ಒಂದು ಕಾಲದಲ್ಲಿ ಓಟಕ್ಕೆ ಪದಕ ತೆಗೆದುಕೊಂಡವರಂತೆ. ಹೆಂಗಸರು ಒಳಗೆ ಬರುವ ಹಾಗಿಲ್ಲ ಅಂತ ಹೇಳಲಾರದೆ ಯಜಮಾನರು ಬಾಗಿಲಲ್ಲಿ ನಿಂತು ಕೈ ಹಿಸುಕಿಕೊಳ್ಳುತ್ತಿದ್ದರು. ಮೇಡಂ ತಾವೇ ಅರ್ಥ ಮಾಡಿಕೊಂಡು, "ಪರವಾಗಿಲ್ಲ ಯಜಮಾನರೇ, ನಾನು ಕಿಟಕಿಯಿಂದಲೇ ನೋಡ್ತೀನಿ" ಅಂದರು. ಸೂರು, ಗೋಡೆ, ಅಖಾಡದ ಸುತ್ತ ಓಡಾಡುವ ಜಾಗಕ್ಕೆ ಟೈಲ್ಸು, ಎರಡು ದೊಡ್ಡ ದೀಪ. ಬೆಟ್ಟ ನೋಡಲು ಬರುವ ಪ್ರವಾಸಿಗರು ಇದನ್ನೂ ನೋಡಿಕೊಂಡು ಹೋಗುವ ಹಾಗಾಗಬೇಕು ಅಂತ ಅವರ ಆಸೆ. ಅವತ್ತು ಯಜಮಾನರು ಮನೆಗೆ ಜಿಲೇಬಿ ತಂದರು. ನಮ್ಮ ಮನೆಯಲ್ಲಿ ಅವರಾಗಿ ಸಿಹಿ ತಂದಿದ್ದು ಕಡಿಮೆ.

ಕೆಲಸ ಶುರುವಾಗುವ ಮುಂಚೆ ಗರಡಿಯವರೆಲ್ಲ ಕೂತು ಮಾತಾಡಿದರು. ಹೆಂಚು ಇಳಿಸುವಾಗ ಚೂರು, ಮೊಳೆ, ಗಾಜು ಮಟ್ಟಿಗೆ ಬೀಳುತ್ತದೆ. ಒಂದು ಮೊಳೆ ಸಾಕು, ಯಾರದೋ ಬೆನ್ನು ಸೀಳಲು. ಮಟ್ಟಿಯನ್ನು ಹೊರಗೆ ತೆಗೆದಿಡುವುದೇ ಸರಿ ಎಂದು ತೀರ್ಮಾನವಾಯಿತು. ಪೂಜೆ ಮಾಡಿ, ಬರಿಗಾಲಲ್ಲಿ, ಬುಟ್ಟಿಬುಟ್ಟಿಯಾಗಿ ತೆಗೆದು ಹಿಂಗೋಡೆಯ ಆಚೆ ಹುಣಸೆಮರದ ಕೆಳಗೆ ಗುಡ್ಡೆ ಮಾಡಿದರು. ಅರಿಶಿನ ಕುಂಕುಮ ಇಟ್ಟು, ನೆತ್ತಿಯ ಮೇಲೆ ನಿಂಬೆಹಣ್ಣು ಕೂರಿಸಿ, ಟಾರ್ಪಾಲು ಹೊದಿಸಿದರು.

ಆಮೇಲೆ ಅವರಲ್ಲಿ ಯಾರೂ ಆ ಕಡೆ ಹೋಗಲಿಲ್ಲ. ಅದೇ ಗರಡಿಯವರ ಪದ್ಧತಿ. ಮಟ್ಟಿ ಇಲ್ಲದ ಗರಡಿ ಸಾವಾದ ಮನೆಯಿದ್ದ ಹಾಗೆ. ಮಟ್ಟಿ ವಾಪಸು ತುಂಬಿ ಪೂಜೆ ಆಗುವವರೆಗೂ ಗರಡಿಯವರು ಅದರ ಹೊಸಿಲು ತುಳಿಯಬಾರದು, ಸುತ್ತು ಹಾಕಬಾರದು. ಕೆಲಸ ನಡೆಯುವಷ್ಟು ದಿನವೂ ಇವರೆಲ್ಲ ಎದುರುಗಡೆಯ ಟೀ ಅಂಗಡಿ ಬೆಂಚಿನ ಮೇಲೆ ಕೂತು ಬರೀ ಸೂರು ನೋಡಿದರು. "ಇವತ್ತು ತೊಲೆ ಏರಿಸ್ದ್ರು ಕಣೇ", "ಇವತ್ತು ಹೆಂಚು ಬಂತು ಕಣೇ, ಜೋರಾಗೈತೆ" ಅಂತ ಯಜಮಾನರು ನನಗೆ ಬಂದು ಹೇಳುತ್ತಿದ್ದರು. ಸೂರಿನ ಕೆಳಗೆ ಏನಾಗುತ್ತಿದೆ ಅನ್ನುವುದು ಟೀ ಅಂಗಡಿಗೆ ಕಾಣುತ್ತಿರಲಿಲ್ಲ.

ಮುಗಿಯಿತು ಎಂದು ಮೇಸ್ತ್ರಿ ಹೇಳಿ ಕಳಿಸಿದ ದಿನ ಯಜಮಾನರು ತಲೆಗೆ ನೀರು ಹಾಕಿಕೊಂಡು, ತೆಂಗಿನಕಾಯಿ, ಕರ್ಪೂರ ಹಿಡಿದು ಹೋದರು. ಮಟ್ಟಿಗೆ ಚಿಮುಕಿಸಲು ಮಜ್ಜಿಗೆ ತುಂಬಿದ ಗಡಿಗೆಯನ್ನು ನಾನೇ ಗರಡಿಯ ಗೇಟಿನವರೆಗೆ ಹೊತ್ತುಕೊಂಡು ಹೋಗಿ ಕೊಟ್ಟು ವಾಪಸು ಬಂದೆ. ಒಲೆ ಹಚ್ಚಿ ಎಸರಿಡುವಷ್ಟರಲ್ಲಿ ಅವರು ಹಿಂದಕ್ಕೆ ಬಂದು ಜಗಲಿಯ ಮೇಲೆ ಕೂತಿದ್ದರು. ಗಡಿಗೆ ಕೈಯಲ್ಲೇ ಇತ್ತು. ತೆಂಗಿನಕಾಯಿ ಒಡೆದಿರಲಿಲ್ಲ.

"ಏನಾಯ್ತು?"

"ಮಟ್ಟಿ ಇಲ್ಲ."

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ ಕಣೇ. ಟಾರ್ಪಾಲು ಮಡಿಚಿಟ್ಟವ್ರೆ. ನೀಟಾಗಿ."

ಮೇಸ್ತ್ರಿ ಪಾವಗಡದಾಚೆಯವನು. ಕರೆಸಿದರೆ ಸಂಜೆ ನಮ್ಮ ಮನೆಗೇ ಬಂದ. ಅವನ ಮಾತಲ್ಲಿ ಅರ್ಧ ತೆಲುಗು, ಆದರೂ ಸುಳ್ಳಿರಲಿಲ್ಲ.

"ಅಣ್ಣಾ, ಒಳಗೆ ಗುಂಡಿ ಖಾಲಿ ಇತ್ತು. ಹಿಂದುಗಡೆ ಮಣ್ಣು ರೆಡಿ ಇತ್ತು. ಗುಂಡಿ ಮುಚ್ಚೋಕೇ ಇಟ್ಟವ್ರೆ ಅನ್ಕೊಂಡೆ. ನಾಕೇಂ ತೆಲುಸು, ನಂಗೇನ್ ಗೊತ್ತು? ಸುತ್ತ ಟೈಲ್ಸ್ ಹಾಕಿ ನಡುವೆ ಗುಂಡಿ ಯಾರು ಬಿಡ್ತಾರಣ್ಣಾ? ತುಂಬಿ, ನೀರು ಬಿಟ್ಟು, ಜಲ್ಲಿ ಹಾಕಿ ದಮ್ಮಸ್ಸು ಮಾಡಿ ಕಾಂಕ್ರೀಟು ಹಾಕ್ಬುಟ್ವಿ."

"ಅದರ ಮೇಲೆ ನಿಂಬೆಹಣ್ಣು ಇತ್ತಲ್ಲಯ್ಯ" ಎಂದರು ಯಜಮಾನರು.

"ಇತ್ತಣ್ಣಾ. ಆ ನಿಂಬೆಕಾಯ ತೀಸಿ ಪಕ್ಕಕ್ಕಿಟ್ಟೆ. ದೇವರದ್ದು ಅಂತ. ತುಳೀಲಿಲ್ಲ, ನಮ್ಮಮ್ಮನಾಣೆ."

ಬೈಯಬೇಕೆಂದು ಬಂದಿದ್ದ ಗರಡಿಯ ಹುಡುಗರು ಬಾಯಿ ಮುಚ್ಚಿಕೊಂಡರು. ನಾನು ಮೇಸ್ತ್ರಿಗೆ ಕಾಫಿ ಕೊಟ್ಟೆ. ಅವನು ಲೋಟ ಹಿಡಿದುಕೊಂಡು, "ನೀವು ಒಬ್ಬರಾದರೂ ಒಂದ್ಸಲ ಒಳಗೆ ಬಂದಿದ್ರೆ..." ಅಂದು ಅಲ್ಲಿಗೇ ನಿಲ್ಲಿಸಿದ.

ಮೇಡಂ ಸುದ್ದಿ ತಿಳಿದು ಮಾರನೆಯ ದಿನವೇ ಬಂದರು. ನಕ್ಷೆಯಲ್ಲಿ ಅಖಾಡ ಬಿಡಬೇಕು ಅಂತಲೇ ಇತ್ತಂತೆ. ಅವರ ಮುಖ ಸಣ್ಣದಾಗಿತ್ತು. ಆದರೆ ಮುಗಿದ ಕಾಮಗಾರಿಯ ಫೋಟೊ ಆಗಲೇ ಕಂಪ್ಯೂಟರಿಗೆ ಏರಿ, ಮೇಲಿನವರು ಒಪ್ಪಿಯೂ ಆಗಿತ್ತು.

"ಈಗ ಒಡೆದ್ರೆ ಸರ್ಕಾರಿ ಆಸ್ತಿ ಒಡೆದ ಹಾಗಾಗುತ್ತೆ, ಯಜಮಾನರೇ. ತನಿಖೆ, ಆಡಿಟ್ಟು ಎಲ್ಲ ಮುಗೀಬೇಕು. ಮುಂದಿನ ವರ್ಷ ಕುಸ್ತಿ ಮ್ಯಾಟಿಗೆ ನಾನೇ ಬರೀತೀನಿ. ಈಗೆಲ್ಲ ದೊಡ್ಡ ಪಂದ್ಯ ಮ್ಯಾಟಿನ ಮೇಲೇ ಅಲ್ವಾ?" ಅಂದರು. ಆಮೇಲೆ ಸಮಾಧಾನ ಮಾಡಲೆಂದೇ, ಮೆಲ್ಲಗೆ, "ಮಟ್ಟಿ ಎಲ್ಲಿಗೂ ಹೋಗಿಲ್ಲವಲ್ಲ. ಅಲ್ಲೇ ಕೆಳಗೇ ಇದೆಯಲ್ಲ" ಎಂದರು.

ಯಜಮಾನರು, "ಹೂಂ ಕಣಮ್ಮ, ಕೆಳಗೇ ಐತೆ" ಅಂದರು. ಅದು ಜಲ್ಲಿ ಸಿಮೆಂಟಿನ ಜೊತೆ ಬೆರೆತು, ಗುದ್ದಿಸಿಕೊಂಡು, ಇನ್ನು ತೆಗೆದರೂ ಮೈಗೆ ಹಚ್ಚಿಕೊಳ್ಳುವಂಥದ್ದಲ್ಲ ಅನ್ನುವುದನ್ನು ಅವರು ಮೇಡಂಗೆ ಹೇಳಲಿಲ್ಲ. ಆ ಹೆಣ್ಣುಮಗಳ ಮುಖ ನೋಡಿ ಹೇಳಲು ಆಗಲಿಲ್ಲ ಅಂತ ಆಮೇಲೆ ನನ್ನ ಹತ್ತಿರ ಅಂದರು.

ಅವತ್ತಿನಿಂದ ಅವರಿಗೆ ಒಂದೇ ಯೋಚನೆ. ಹಿತ್ತಲಲ್ಲಿ ಹಳೇ ಕೊಟ್ಟಿಗೆ ಇದ್ದ ಜಾಗ ಖಾಲಿಯಿದೆ. ಅಲ್ಲಿ ಚಿಕ್ಕದೊಂದು ಅಖಾಡ ಮಾಡುವುದು. ಹುಡುಗರು ನಾಲ್ಕು ಜನ ಬಂದರೂ ಸಾಕು. ಅರವತ್ತು ದಾಟಿದ ಮನುಷ್ಯ, ಯಾರನ್ನೂ ಕರೆಯದೆ ತಾವೇ ಗುಂಡಿ ತೋಡಿದರು. ಕೆಮ್ಮಣ್ಣು ತರಿಸಿದರು. ನಾನು ಜರಡಿ ಹಿಡಿದೆ. ಅರಿಶಿನ, ಎಣ್ಣೆ, ಮಜ್ಜಿಗೆ ಎಲ್ಲ ಹಾಕಿ ಕಲಸಿ ಆರಿಸಿಟ್ಟೆ. ಇನ್ನು ಬೇಕಾಗಿದ್ದು ಹೆಪ್ಪು. ಒಂದು ಬೊಗಸೆಯಾದರೂ ಹಳೇ ಮಟ್ಟಿ ಬೇಕು. ಅದು ಇದ್ದರೆ ಇದು ಆ ಗರಡಿಯೇ. ಇಲ್ಲದಿದ್ದರೆ ಹಿತ್ತಲಲ್ಲಿ ಒಂದು ಗುಂಡಿ.

ಆಗ ಅವರಿಗೆ ಸಿರಾ ನೆನಪಾಯಿತು. ನಮ್ಮಿಂದ ಹೋದ ಬುಟ್ಟಿ ಅಲ್ಲಿದೆಯಲ್ಲ! ಸಿರಾ ಗರಡಿಯ ಹಿರಿಯರು ಯಜಮಾನರ ವಯಸ್ಸಿನವರೇ, ಮುಸ್ಲಿಮರು. ಪ್ರಾಯದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಎತ್ತಿ ಒಗೆದು ಸ್ನೇಹಿತರಾದವರು. ಇವರು ಅವರಿಗೆ ಉಸ್ತಾದ್ ಅನ್ನುತ್ತಾರೆ, ಅವರು ಇವರಿಗೆ ಪೈಲ್ವಾನ್ ಅನ್ನುತ್ತಾರೆ. ಫೋನು ಮಾಡಿ, "ಒಂದ್ ಬೊಗಸೆ ಸಾಕು ಉಸ್ತಾದ್" ಎಂದರು. ಆ ಕಡೆಯಿಂದ ಉಸ್ತಾದರು, "ನೋಡ್ತೀನಿ ಪೈಲ್ವಾನ್. ಹುಡುಕ್ತೀನಿ. ಉದ್ಘಾಟನೆ ದಿನ ಬರ್ತೀನಲ್ಲ, ಆಗ" ಅಂದರು. ಹುಡುಕುತ್ತೇನೆ ಅಂದಿದ್ದು ಯಾಕೆ ಅಂತ ನನಗೆ ಆಗಲೇ ಅನುಮಾನ ಬಂತು. ಯಜಮಾನರಿಗೆ ಬರಲಿಲ್ಲ, ಅಥವಾ ಬಂದದ್ದನ್ನು ಅವರು ಹತ್ತಿರ ಸೇರಿಸಲಿಲ್ಲ. ದಿನಾ ಬೆಳಿಗ್ಗೆ ರಾಶಿಯ ಹತ್ತಿರ ಹೋಗಿ ಮುಷ್ಟಿಯಲ್ಲಿ ಹಿಡಿದು, ಬಿಟ್ಟು, "ಹದವಾಗೈತೆ" ಎನ್ನುತ್ತಿದ್ದರು.

ಇವತ್ತು ಹನ್ನೊಂದರ ಹೊತ್ತಿಗೆ ಇಬ್ಬರೂ ಹೊರಟೆವು. ಹೆಂಗಸರೂ ಒಳಗೆ ಬರಬೇಕು, ಈಗ ಇದು ಸರ್ಕಾರದ ಕಟ್ಟಡ, ಎಲ್ಲರದ್ದೂ ಅಂತ ಮೇಡಂ ಹೇಳಿದ್ದರು. ಮಟ್ಟಿಯೇ ಇಲ್ಲದ ಮೇಲೆ ಹೆಂಗಸರು ಬಂದರೇನು, ಗಂಡಸರು ಬಂದರೇನು ಅಂತ ಯಜಮಾನರೂ ಬೇಡ ಅನ್ನಲಿಲ್ಲ. ಹಾಗೆ ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ನಾನು ಮೊದಲ ಸಲ ಗರಡಿಯ ಹೊಸಿಲು ದಾಟಿದೆ.

ನನ್ನ ಮನಸ್ಸಿನಲ್ಲಿದ್ದ ಗರಡಿ ಇದಕ್ಕಿಂತ ದೊಡ್ಡದಿತ್ತು, ಸ್ವಲ್ಪ ಕತ್ತಲೆಯಿತ್ತು, ಎಣ್ಣೆ ಮಜ್ಜಿಗೆಯ ಹುಳಿವಾಸನೆ ಇತ್ತು. ಅವರ ಬಟ್ಟೆಯಲ್ಲಿ ಬರುತ್ತಿದ್ದ ವಾಸನೆಯಿಂದಲೇ ನಾನು ಅದನ್ನು ಕಟ್ಟಿಕೊಂಡಿದ್ದೆ. ಈಗಿದ್ದದ್ದು ಬೆಳ್ಳಗೆ ಬೆಳಗುವ ಒಂದು ಸಭಾಂಗಣ. ಬಣ್ಣದ ವಾಸನೆ. ನೆಲ ಎಷ್ಟು ನುಣುಪೆಂದರೆ ಚಪ್ಪಲಿ ಬಿಟ್ಟ ಕಾಲು ಜಾರುತ್ತಿತ್ತು. ಗೋಡೆ ಪಕ್ಕ ಹೊಸ ಕಬ್ಬಿಣದ ಗುಂಡುಗಳು, ಹಳೇ ಮರದ ಗದೆಗಳಿಗೆ ಪಾಲಿಶ್ ಮಾಡಿ ನೇತುಹಾಕಿದ್ದರು. ನಾನು ತುಂಬಿ ಕಳಿಸಿದ ಬುಟ್ಟಿಗಳೆಲ್ಲ ಎಲ್ಲಿ ಬಿದ್ದವು ಅಂತ ಕಣ್ಣಲ್ಲೇ ಯಜಮಾನರನ್ನು ಕೇಳಿದೆ. ಅವರು ಗದ್ದ ಎತ್ತಿ ನಡುಭಾಗ ತೋರಿಸಿದರು. ಅಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಸಾಲಾಗಿ ಹಾಕಿದ್ದರು.

ಭಾಷಣಗಳಾದವು. ನಾಡಿನ ಸಂಸ್ಕೃತಿ ಉಳಿಸಬೇಕು ಅಂತ ಮಾತಾಡಿದವರೆಲ್ಲ ಹೇಳಿದರು, ಮನಸ್ಸಿನಿಂದಲೇ ಹೇಳಿದರು. ನನಗೆ ಕೋಪ ಬರಲಿಲ್ಲ. ಯಾರ ಮೇಲೆ ಬರಬೇಕೆಂದು ತಿಳಿಯಲಿಲ್ಲ. ಆಮೇಲೆ ಹಿರಿಯ ಪೈಲ್ವಾನರಿಗೆ ಸನ್ಮಾನ ಅಂತ ನಮ್ಮ ಯಜಮಾನರನ್ನು ಕರೆದರು. ಅವರು ಬಾಗಿಲ ಹತ್ತಿರ ನಿಂತಿದ್ದರು. ವೇದಿಕೆ ಆ ತುದಿಯಲ್ಲಿತ್ತು. ಕುರ್ಚಿಗಳ ನಡುವೆ ದಾರಿ ಬಿಟ್ಟಿದ್ದರು, ನೆಟ್ಟಗೆ ನಡೆದರೆ ಅಷ್ಟೇನೂ ದೂರವಿಲ್ಲ. ಅವರು ಆ ದಾರಿ ಹಿಡಿಯಲಿಲ್ಲ. ಗೋಡೆ ಹಿಡಿದುಕೊಂಡು, ಗುಂಡು ಗದೆಗಳನ್ನು ದಾಟಿಕೊಂಡು, ಮೂಲೆ ಸುತ್ತಿ, ಸಾವಕಾಶವಾಗಿ ಆ ಕಡೆಗೆ ಹೋದರು.

"ಪೈಲ್ವಾನ್ರು ದಾರಿ ತಪ್ಬುಟ್ರು ಕಣ್ಲಾ!" ಅಂತ ಹಿಂದಿನಿಂದ ಯಾರೋ ಕೂಗಿದರು. ಜನ ನಕ್ಕರು. ಮೇಡಂ ನಗಲಿಲ್ಲ. ಅವರು ಕುರ್ಚಿಯಲ್ಲಿ ಕೂತಲ್ಲೇ ಎರಡೂ ಕಾಲನ್ನು ನೆಲದಿಂದ ಸ್ವಲ್ಪ ಎತ್ತಿ, ಎಲ್ಲಿ ಇಡುವುದೋ ತಿಳಿಯದೆ, ಮತ್ತೆ ಅಲ್ಲೇ ಇಟ್ಟರು. ಅದನ್ನು ನಾನೊಬ್ಬಳೇ ನೋಡಿದೆನೋ ಏನೋ.

ಶಾಲು ಹೊದಿಸಿದರು, ಪೇಟ ತೊಡಿಸಿದರು. ಇನ್ನು ಮುಂದೆ ಗರಡಿಯನ್ನು ಸಮಿತಿ ನೋಡಿಕೊಳ್ಳುತ್ತದೆ, ಬೆಳಿಗ್ಗೆ ಸಂಜೆ ಗೊತ್ತಾದ ಸಮಯಕ್ಕೆ ತೆರೆಯುತ್ತದೆ ಎಂದು ಹೇಳಿ, ಹೊಸ ಬೀಗದ ಕೈಯನ್ನು ಸಮಿತಿಯವರಿಗೆ ಕೊಟ್ಟರು. ಹಳೇ ಬೀಗದ ಕೈ ಇನ್ನೂ ಯಜಮಾನರ ಉಡಿದಾರದಲ್ಲೇ ಇತ್ತು. ಅದನ್ನು ಯಾರೂ ಕೇಳಲಿಲ್ಲ. ಅದು ತೆರೆಯುವ ಬಾಗಿಲೂ ಈಗ ಇರಲಿಲ್ಲ.

ಉಪ್ಪಿಟ್ಟು ಕೇಸರಿಬಾತಿನ ಪೊಟ್ಟಣ ಹಂಚುತ್ತಿದ್ದಾಗ ಉಸ್ತಾದರು ಬಂದರು. ಸಿರಾದಿಂದ ಬಸ್ಸು ತಡವಾಗಿತ್ತು. ಕೈಯಲ್ಲಿ ಒಂದು ಬಟ್ಟೆಚೀಲ. ಯಜಮಾನರು ಅವರ ಮುಖ ನೋಡಲಿಲ್ಲ, ಚೀಲವನ್ನೇ ನೋಡಿದರು. ಉಸ್ತಾದರು ಅದನ್ನು ನನ್ನ ಕೈಗೆ ಕೊಟ್ಟು, "ಭಾಬಿ, ಬಾಳೆಹಣ್ಣು ಐತೆ, ಮಿಕ್ಸ್ಚರ್ ಐತೆ" ಅಂದರು. ಚೀಲ ಹಗುರವಾಗಿತ್ತು. ಯಜಮಾನರು ಶಾಲನ್ನು ಹೆಗಲಿಂದ ತೆಗೆದು ಮಡಿಚಲು ಶುರು ಮಾಡಿದರು. "ನಡೀ ಉಸ್ತಾದ್, ಮನೆಗೋಗಾಣ" ಎಂದರು.

ಜಗಲಿಯ ಮೇಲೆ ಕೂತು, ನೀರು ಕುಡಿದು, ಉಸ್ತಾದರು ಎಲ್ಲವನ್ನೂ ಹೇಳಿದರು. ಸಿರಾದ ಗರಡಿಗೆ ಕೆಲವು ವರ್ಷಗಳ ಹಿಂದೆಯೇ ಮ್ಯಾಟು ಬಂದಿತ್ತು. ಮಟ್ಟಿಯನ್ನು ಯಾವುದೋ ಟ್ರಾಕ್ಟರಿನವನು ಹೊಸ ಬಡಾವಣೆಯ ರಸ್ತೆಗೆ ಹೊಡೆದುಕೊಂಡು ಹೋದ. "ನಂಗೆ ಶರಮ್ ಆಗಿ ನಿಂಗೆ ಹೇಳಿರ್ಲಿಲ್ಲ ಪೈಲ್ವಾನ್. ನಿಮ್ಮಪ್ಪ ಕೊಟ್ಟಿದ್ದು, ಹಿಂಗ್ ಮಾಡ್ಬುಟ್ವಿ ಅಂತ ಹೆಂಗ್ ಹೇಳ್ಲಿ?"

"ಹೋಗ್ಲಿ ಬುಡು" ಎಂದರು ಯಜಮಾನರು.

"ಆಮೇಲೆ ಒಬ್ಬ ನೆನಪಾದ. ಪಟ್ಟನಾಯಕನಹಳ್ಳಿ ಕಡೇವ್ನು, ನಮ್ಮ ಗರಡೀಲಿ ಸಾಮು ಮಾಡ್ದೋನು. ಮ್ಯಾಟು ಹಾಕೋ ದಿನ ಅವ ಅಳ್ತಾ ಅಳ್ತಾ ಒಂದು ಡಬ್ಬೀಲಿ ಮಟ್ಟಿ ತುಂಬ್ಕೊಂಡು ಹೋಗಿದ್ದ. ಸರಿ ಅಂತ ನೆನ್ನೆ ಅವನ ಮನೆ ಹುಡ್ಕೊಂಡು ಹೋದೆ. ಅವನ ಹೆಂಡ್ತಿ ಇದ್ಲು. ಅವ ಹೋಗ್ಬುಟ್ಟವ್ನೆ, ಹೋದ್ ವರ್ಷ. ಡಬ್ಬಿ ಎಲ್ಲಮ್ಮ ಅಂದೆ." ಉಸ್ತಾದರು ಕೈಯನ್ನು ತಮ್ಮ ಎದೆಯ ಮೇಲೆ ಇಟ್ಟುಕೊಂಡರು. "ಅವನೇ ಹೇಳಿದ್ನಂತೆ, ಇಲ್ಲಿ ಹಾಕಿ ಅಂತ. ಎಲ್ಲಾ ಹಾಕಿ ಮಣ್ಣು ಮಾಡಿದ್ರಂತೆ. ಡಬ್ಬೀನ ತೊಳೆದು ಉಪ್ಪು ತುಂಬವ್ಳೆ, ಪಾಪ."

ಒಳಗಿನಿಂದ ಕುಕ್ಕರು ಕೂಗಿತು. ನಾನು ಎದ್ದು ಹೋಗಿ ಒಲೆ ಸಣ್ಣ ಮಾಡಿ ಬಂದೆ.

"ಹೊಸದೇ ಶುರು ಮಾಡು ಪೈಲ್ವಾನ್" ಎಂದರು ಉಸ್ತಾದರು. "ಯಾರಾದ್ರೂ ಮೊದಲು ಶುರು ಮಾಡಿದ್ರು ತಾನೆ? ಅವ್ರಿಗೆ ಹೆಪ್ಪು ಯಾರು ಕೊಟ್ರು?"

"ಅವ್ರು ಪ್ರಾಯದೋರು ಕಣಯ್ಯ. ಅವರ ಬೆವರೇ ಹೆಪ್ಪಾಯ್ತು. ನಾನೀಗ ಅದರಾಗೆ ಇಳಿದ್ರೆ ಎತ್ತೋಕೆ ಇಬ್ಬರು ಬೇಕು."

ಹಿತ್ತಲಿಂದ ನೀರಿನ ಸದ್ದು ಬರುತ್ತಿತ್ತು. ನಲ್ಲಿಯಲ್ಲಿ ಮತ್ತೆ ನೀರು ಬಂದು, ತೊಟ್ಟಿ ತುಂಬಿ ಚೆಲ್ಲಿ ಬಚ್ಚಲ ಕಾಲುವೆಯಲ್ಲಿ ಹರಿಯುತ್ತಿತ್ತು. ಆಗ ನನಗೆ ಒಂದು ಹೊಳೆಯಿತು. ಗರಡಿಯಿಂದ ಬಂದ ಕೂಡಲೇ ಇವರು ಸ್ನಾನ ಮಾಡುವುದು ಹಿತ್ತಲ ಕಲ್ಲಿನ ಮೇಲೆ. ಮೈಯಿಂದ ಇಳಿದ ಮಟ್ಟಿಯೆಲ್ಲ ಆ ಕಾಲುವೆಯಲ್ಲಿ ಹರಿದು ಕರಿಬೇವಿನ ಗಿಡದ ಬುಡ ಸೇರುತ್ತದೆ. ಅಲ್ಲಿಯ ಮಣ್ಣು ಇವತ್ತಿಗೂ ಕೆಂಪಗಿದೆ. ನಾನು ಹೇಳಿದೆ: "ಕರಿಬೇವಿನ್ ಗಿಡದ್ ಬುಡದಾಗೆ ಐತಲ್ಲ. ನಿಮ್ ಮೈಯಿಂದ ತೊಳ್ದಿದ್ದು. ಎಲ್ಲಾ ಅದೇ ತಾನೆ?"

ಇಬ್ಬರೂ ನನ್ನನ್ನೇ ನೋಡಿದರು. ಯಜಮಾನರು ಎದ್ದು ಹಿತ್ತಲಿಗೆ ಹೋದರು. ನಾವೂ ಹಿಂದೆ ಹೋದೆವು. ಅವರು ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಬೆರಳಿಂದ ಕೆದಕಿ, ಒಂದು ಹಿಡಿ ತೆಗೆದು ಮೂಗಿನ ಹತ್ತಿರ ಹಿಡಿದರು. ತುಂಬ ಹೊತ್ತು ಹಿಡಿದಿದ್ದರು.

"ಸೋಪಿನ ವಾಸ್ನೆ ಕಣೇ" ಅಂದರು ಕೊನೆಗೆ. "ಪಾತ್ರೆ ತೊಳೆದ್ ನೀರೂ ಇಲ್ಲಿಗೇ ಬುಟ್ಟಿದೀಯ."

ಉಸ್ತಾದರಿಗೆ ನಗು ಬಂತು. "ಭಾಬಿ, ಈ ಮಟ್ಟೀಲಿ ಕುಸ್ತಿ ಆಡಿದ್ರೆ ಹುಳಿಸಾರಿನ ವಾಸ್ನೆಗೇ ಎದುರಾಳಿ ಬಿದ್ದೋಗ್ತಾನೆ" ಅಂದರು. ನಾನೂ ನಕ್ಕೆ. ಯಜಮಾನರೂ ನಕ್ಕರು, ನಗುತ್ತಲೇ ಆ ಹಿಡಿ ಮಣ್ಣನ್ನು ಬುಡಕ್ಕೇ ಹಾಕಿ, ಅಂಗೈಯಿಂದ ತಟ್ಟಿ, ಮತ್ತೊಂದು ಸಲ ತಟ್ಟಿದರು. ಕೈಗೆ ಹತ್ತಿದ್ದನ್ನು ಹಣೆಗೆ ಒತ್ತಿಕೊಳ್ಳುತ್ತಾರೇನೋ ಅಂತ ನಾನು ನೋಡುತ್ತಿದ್ದೆ. ಪಂಚೆಗೆ ಒರೆಸಿಕೊಂಡರು.

ಸಂಜೆ ಹಸುವಿಗೆ ಹುಲ್ಲು ಹಾಕಲು ಹೋದಾಗ ಅವರು ಹೊಸ ಗುಂಡಿಯ ಅಂಚಿನಲ್ಲಿ ನಿಂತಿದ್ದರು. ಕಲಸಿಟ್ಟ ಮಣ್ಣಿನ ಮೇಲಿನ ಗೋಣಿಚೀಲ ತೆಗೆದಿದ್ದರು. ಸಲಿಕೆ ಕೈಯಲ್ಲಿತ್ತು. ತುಂಬುತ್ತಾರೆ, ಹೆಪ್ಪಿಲ್ಲದಿದ್ದರೂ ತುಂಬುತ್ತಾರೆ ಅಂತ ಒಂದು ಕ್ಷಣ ಅನ್ನಿಸಿತು.

"ಸೋರೆ ಬೀಜ ಎತ್ತಿಟ್ಟಿದೀಯ?" ಎಂದು ಕೇಳಿದರು.

"ಇದಾವೆ. ಯಾಕೆ?"

"ನಾಕು ಮಳೆ ಬಿದ್ಮೇಲೆ ಇಲ್ಲಿ ಹಾಕ್ಕ. ಗುಂಡಿ ತೋಡಿದ್ದು ಸುಮ್ಕೆ ಯಾಕೆ. ಈ ಮಣ್ಣನ್ನೇ ಎಳೀತೀನಿ."

ಎಣ್ಣೆ, ಅರಿಶಿನ, ನಿಂಬೆರಸ ಹಾಕಿದ ಮಣ್ಣಲ್ಲಿ ಸೋರೆ ಏಳುವುದಿಲ್ಲ ಅಂತ ನನಗೆ ಗೊತ್ತು, ಅವರಿಗೂ ಗೊತ್ತು. ಹೂಂ ಅಂದೆ. ಅವರು ಒಂದೊಂದೇ ಸಲಿಕೆ ಎಳೆದು ಗುಂಡಿ ತುಂಬಿಸಿದರು. ಅಖಾಡಕ್ಕೆ ಹರಡುವ ಹಾಗೆ ಹರಡಲಿಲ್ಲ, ಸುಮ್ಮನೆ ಸುರಿದರು. ನಾನು ಹಸುವಿನ ಬೆನ್ನ ಮೇಲೆ ಕೈಯಿಟ್ಟುಕೊಂಡು, ಮುಗಿಯುವವರೆಗೂ ಅಲ್ಲೇ ನಿಂತಿದ್ದೆ.

ರಾತ್ರಿಗೆ ರಾಗಿಮುದ್ದೆ, ಹುರುಳಿಕಾಳಿನ ಬಸ್ಸಾರು, ಕಾಳಿನ ಪಲ್ಯ, ಮಜ್ಜಿಗೆ. ಉಸ್ತಾದರು ಎರಡು ಮುದ್ದೆ ಉಂಡು, ಸಾರು ಚೆನ್ನಾಗಿದೆ ಎಂದು ಇನ್ನೊಂದು ಸೌಟು ಹಾಕಿಸಿಕೊಂಡರು. ಯಜಮಾನರು ಒಂದು ಮುದ್ದೆಯಲ್ಲಿ ಸ್ವಲ್ಪ ಬಿಟ್ಟರು. ಊಟವಾದ ಮೇಲೆ ಬಾಳೆಹಣ್ಣು ಸುಲಿದು ಮೂವರೂ ತಿಂದೆವು. ನಮ್ಮ ಮನೆಯಲ್ಲಿ ಎಂದೂ ಮೊದಲು ಮಲಗುವವರು ಯಜಮಾನರು; ಬೆಳಕು ಹರಿಯುವ ಮುಂಚೆ ಮಟ್ಟಿ ಅಗೆಯಬೇಕಲ್ಲ, ಅದಕ್ಕೆ. ಇವತ್ತು ಅವರಿಗೆ ಮಲಗುವ ಅವಸರವಿರಲಿಲ್ಲ. ಉಸ್ತಾದರ ಜೊತೆ ಜಗಲಿಯ ಮೇಲೆ ಕೂತು ಎಂದೋ ಆಡಿದ ಕುಸ್ತಿಯೊಂದನ್ನು ಇಬ್ಬರೂ ಸೇರಿ ಮತ್ತೆ ಹೇಳಿಕೊಳ್ಳುತ್ತಿದ್ದರು. ಗೆದ್ದವರು ಯಾರು ಅನ್ನುವುದರಲ್ಲಿ ಒಪ್ಪಿಗೆಯಾಗಿರಲಿಲ್ಲ. ನಾನೇ ಮೊದಲು ಮಲಗಿದೆ.